ಸಿತಿಯಾವಾನ್‌ನ ಕೈ ಮೀ ಸುವಾ: ದುಡ್ಡಿಗೆ ಮೋಸ ಇಲ್ಲ, ಉಪ್ಪು ಮಾತ್ರ ಹುಷಾರು

ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತಿಲ್ದೋರು ಇಷ್ಟು ಓದ್ಕೊಂಡು ಹೋದ್ರೂ ಸಾಕು. ಮಲೇಷ್ಯಾದ ಸಿತಿಯಾವಾನ್ ಕಡೆ ಹೋದ್ರೆ ಕೈಯಲ್ಲಿ ಎಳೆದು ಬಿಸಿಲಲ್ಲಿ ಒಣಗ್ಸಿರೋ ಮೀ ಸುವಾ, ಅಂದ್ರೆ ಕೂದಲೆಳೆ ಥರದ ಗೋಧಿ ನೂಡಲ್ಸ್, ಬೇಕು ಅನ್ಸಿದ್ದಕ್ಕಿಂತ ಒಂದೆರಡು ಪ್ಯಾಕೆಟ್ ಜಾಸ್ತಿನೇ ತಗೊಳಿ, ಸೂಪರ್‌ಮಾರ್ಕೆಟ್‌ನ ಮಿಷಿನ್ ಮೀ ಸುವಾಗೂ ಇದಕ್ಕೂ ಹೆಸರು ಬಿಟ್ರೆ ಬೇರೆ ಸಂಬಂಧ ಇಲ್ಲ, ಮತ್ತೆ ಬೇಯಿಸೋವಾಗ ಸೂಪಿಗೆ ಉಪ್ಪು ಹಾಕ್ಬೇಡಿ. ಉಳಿದಿದ್ದೆಲ್ಲ ಯಾಕೆ ಏನು ಅನ್ನೋ ಪುರಾಣ.

ಕೌಲಾಲಂಪುರ್‌ನಲ್ಲಿರೋ ಕನ್ನಡದೋರಿಗೆ ಯಾವತ್ತಾದ್ರೂ ಒಂದಿನ ಈ ಸಂದರ್ಭ ಬಂದೇ ಬರುತ್ತೆ, ಆಫೀಸಿನ ಚೈನೀಸ್ ಫ್ರೆಂಡ್ ಮನೇಲಿ ಅವ್ರಪ್ಪಂಗೆ ಎಂಬತ್ತು ತುಂಬ್ತು ಅಂತ ಊಟಕ್ಕೆ ಕರೀತಾರೆ, ಅಲ್ಲಿ ನೂಡಲ್ಸ್ ಬಡಿಸ್ತಾರೆ, ಅದನ್ನ ಚಮಚದಲ್ಲಿ ಕಟ್ ಮಾಡ್ಬಾರ್ದು ಅಂತಾರೆ, ನಾವು ಅರ್ಧ ಬಾಯಲ್ಲಿ ಅರ್ಧ ಬೌಲಲ್ಲಿ ಇಟ್ಕೊಂಡು ಪೇಚಾಡ್ತೀವಿ. ಎಳೆ ಎಷ್ಟು ಉದ್ದವೋ ಆಯಸ್ಸು ಅಷ್ಟು ಉದ್ದ ಅನ್ನೋ ನಂಬಿಕೆ ಅದು. ಹುಟ್ಟುಹಬ್ಬಕ್ಕೆ, ಚೈನೀಸ್ ಹೊಸ ವರ್ಷಕ್ಕೆ, ಕೆಲವರ ಮನೇಲಿ ಮದುವೆಗೆ, ಊರು ಬಿಟ್ಟು ಹೊರಡೋ ಮಗನಿಗೆ, ವಾಪಸ್ ಬಂದ ಮಗಳಿಗೆ, ಎಲ್ಲದಕ್ಕೂ ನೂಡಲ್ಸೇ. ಆದ್ರೆ ಎಲ್ಲಾ ಚೈನೀಸ್ ಮನೆಯಲ್ಲೂ ಒಂದೇ ಥರದ್ದಲ್ಲ. ಕ್ಯಾಂಟನೀಸ್ ಜನ ಯೀ ಮೀನ್ ಅನ್ನೋ ಎಣ್ಣೇಲಿ ಕರಿದ ಮೊಟ್ಟೆ ನೂಡಲ್ಸ್ ಮಾಡ್ತಾರೆ, ಚೀನಾದ ಫೂಜಿಯನ್ ಪ್ರಾಂತ್ಯದ ಕಡೆಯೋರು, ಅಂದ್ರೆ ಹೊಕ್ಕಿಯೆನ್, ಫೂಚೌ ಜನ, ಕೂದಲೆಳೆ ಥರದ ಮೀ ಸುವಾ ಮಾಡ್ತಾರೆ. ನಾನು ಎರಡನ್ನೂ ತಿಂದಿದೀನಿ, ಎರಡನ್ನೂ ಮನೇಲಿ ಮಾಡಿದೀನಿ, ನನ್ನ ವೋಟ್ ಮೀ ಸುವಾಗೆ, ಅದೂ ಕೈಯಲ್ಲಿ ಮಾಡಿದ್ದಕ್ಕೆ ಮಾತ್ರ.

ಸಿತಿಯಾವಾನ್ ಯಾಕೆ ಅಂದ್ರೆ ಅದು ಫೂಚೌ ಜನರ ಊರು. ಪೆರಾಕ್ ರಾಜ್ಯದಲ್ಲಿದೆ, ಕೆಎಲ್, ಅಂದ್ರೆ ಕೌಲಾಲಂಪುರ್‌ನಿಂದ ಕಾರಲ್ಲಿ ಸುಮಾರು ಮೂರು ಗಂಟೆ, ಪಂಕೋರ್ ದ್ವೀಪಕ್ಕೆ ಹೋಗೋರೆಲ್ಲ ಈ ಊರು ದಾಟಿಕೊಂಡೇ ಲುಮುತ್‌ಗೆ ಹೋಗಿ ದೋಣಿ ಹತ್ತೋದು, ನಿಲ್ಲಿಸೋರು ಕಮ್ಮಿ. 1903ರಲ್ಲಿ ಮೆಥಡಿಸ್ಟ್ ಮಿಷನ್‌ನೋರು ಫೂಜಿಯನ್‌ನಿಂದ ಕ್ರಿಶ್ಚಿಯನ್ ಆಗಿದ್ದ ಫೂಚೌ ಕುಟುಂಬಗಳನ್ನ ಹಡಗಲ್ಲಿ ಕರ್ಕೊಂಡು ಬಂದು ಇಲ್ಲಿ ಕಾಡು ಕಡಿಸಿ ನೆಲೆ ಮಾಡಿಸಿದ್ರು. ಸರವಾಕ್‌ನ ಸಿಬು ಊರಿಗೆ ಅದಕ್ಕೆ ಎರಡು ವರ್ಷ ಮುಂಚೆ, 1901ರಲ್ಲಿ, ಇದೇ ಫೂಚೌ ಜನ ಹೋಗಿದ್ರು. ಹಾಗಾಗಿ ಇವತ್ತಿಗೂ ಒಳ್ಳೆ ಮೀ ಸುವಾ ಎಲ್ಲಿ ಅಂದ್ರೆ ಮಲೇಷ್ಯಾದಲ್ಲಿ ಈ ಎರಡು ಊರಿನ ಹೆಸರೇ ಬರೋದು. ಚರ್ಚ್‌ಗೆ ಹೋಗೋ ಜನ, ಆದ್ರೂ ಹುಟ್ಟುಹಬ್ಬದ ಬೆಳಿಗ್ಗೆ ಮೀ ಸುವಾ ಮತ್ತೆ ಎರಡು ಬೇಯಿಸಿದ ಮೊಟ್ಟೆ ತಪ್ಪಲ್ಲ.

ನಾನು ಹೋಗಿದ್ದು ಕಂಪುಂಗ್ ಕೋಹ್ ಏರಿಯಾದಲ್ಲಿರೋ ಒಂದು ಮನೆ ಕಮ್ ವರ್ಕ್‌ಶಾಪ್. ಹೆಸರು ಹಾಕ್ತಿಲ್ಲ, ಬೋರ್ಡು ಪೂರ್ತಿ ಚೈನೀಸ್ ಅಕ್ಷರ, ನನ್ನ ಕಲೀಗ್ ಊರು ಅದೇ ಆಗಿದ್ರಿಂದ ಅವಳೇ ಕರ್ಕೊಂಡು ಹೋದ್ಲು. ಮುಂದೆ ಮನೆ, ಹಿಂದೆ ಹಿಟ್ಟಿನ ಶೆಡ್ಡು, ಅದರಾಚೆ ಅಂಗಳದಲ್ಲಿ ಎತ್ತರದ ಮರದ ಫ್ರೇಮುಗಳು, ಅದರ ತುಂಬ ಬಿಳೀ ಎಳೆಗಳು ನೇತಾಡ್ತಾ ಇವೆ, ಮೊದಲ ಸಲ ನೋಡಿದೋರು ಯಾರೋ ನೂಲು ಒಣಗ್ಹಾಕಿದಾರೆ ಅನ್ಕೋತಾರೆ.

ಮಾಡೋ ವಿಧಾನ ಕೇಳೋಕೆ ಸಿಂಪಲ್. ಗೋಧಿ ಮೈದಾ, ನೀರು, ಉಪ್ಪು. ಅಷ್ಟೇ. ಮೊಟ್ಟೆ ಇಲ್ಲ, ಸೋಡಾ ಇಲ್ಲ. ಕಷ್ಟ ಇರೋದೆಲ್ಲ ಕಾಯೋದ್ರಲ್ಲಿ. ಬೆಳಗಿನ ಜಾವ ಎದ್ದು ಹಿಟ್ಟು ಕಲಸ್ತಾರೆ, ಬಿಡ್ತಾರೆ. ಆಮೇಲೆ ಅದನ್ನ ಹೆಬ್ಬೆರಳು ದಪ್ಪದ ಹಗ್ಗದ ಥರ ಉದ್ದಕ್ಕೆ ಹೊಸೆದು ಅಗಲವಾದ ಬೋಗುಣಿಯಲ್ಲಿ ಸುರುಳಿ ಸುತ್ತಿ ಇಡ್ತಾರೆ, ಮತ್ತೆ ಬಿಡ್ತಾರೆ. ಇನ್ನೊಂದು ಸಲ ತೆಗೆದು ಪೆನ್ಸಿಲ್ ದಪ್ಪಕ್ಕೆ ಇಳಿಸ್ತಾರೆ, ಮತ್ತೆ ಬಿಡ್ತಾರೆ. ಈ ಬಿಡೋದು ಸೋಮಾರಿತನ ಅಲ್ಲ, ಹಿಟ್ಟಲ್ಲಿ ಗ್ಲೂಟನ್ ಅಂತ ಇರುತ್ತಲ್ಲ ಅದು ಎಳೆದ ತಕ್ಷಣ ವಾಪಸ್ ಜಗ್ಗುತ್ತೆ, ಸ್ವಲ್ಪ ಹೊತ್ತು ಸುಮ್ನೆ ಬಿಟ್ರೆ ಸಡಿಲ ಆಗಿ ಮತ್ತೆ ಎಳೆಯೋಕೆ ಒಪ್ಕೊಳುತ್ತೆ, ಅವಸರ ಮಾಡಿದ್ರೆ ಪಟ್ ಅಂತ ಹರಿಯುತ್ತೆ.

ಆಮೇಲೆ ಬರೋದು ನೋಡೋಕೆ ಮಜಾ ಇರೋ ಭಾಗ. ಎರಡು ಬಿದಿರು ಕೋಲು ಪಕ್ಕಪಕ್ಕ ಇಟ್ಟು ಆ ಪೆನ್ಸಿಲ್ ದಪ್ಪದ ಎಳೇನ ಇಂಗ್ಲಿಷ್ ಎಂಟರ ಥರ ಅಡ್ಡಡ್ಡ ಸುತ್ತುತ್ತಾ ಹೋಗ್ತಾರೆ. ಅಲ್ಲಿದ್ದ ಆಂಟಿ ಸುತ್ತೋ ಸ್ಪೀಡು ನೋಡಿ ನನ್ನ ಫೋನ್ ಕ್ಯಾಮೆರಾನೇ ಸೋತೋಯ್ತು, ವಿಡಿಯೋ ಎಲ್ಲ ಬರೀ ಮಸುಕು. ಸುತ್ತಿದ ಜೋಡಿ ಕೋಲನ್ನ ಮರದ ಪೆಟ್ಟಿಗೆ ಒಳಗೆ ಮುಚ್ಚಿಡ್ತಾರೆ, ಮೇಲ್ಮೈ ಒಣಗ್ಬಾರ್ದು ಅಂತ. ಕೊನೆಗೆ ಅಂಗಳಕ್ಕೆ ತಂದು ಒಂದು ಕೋಲನ್ನ ಫ್ರೇಮಿನ ಮೇಲಿನ ತೂತಿಗೆ ಸಿಗಿಸಿ ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ಮೆಲ್ಲಗೆ ಕೆಳಗೆ ಜಗ್ಗೋದು, ಬಿಡೋದು, ಜಗ್ಗೋದು, ಬಿಡೋದು, ಹಾಗೇ ಒಂದು ಮೊಳ ಇದ್ದಿದ್ದು ಆಳುದ್ದ ಆಗಿ ಅದನ್ನೂ ದಾಟುತ್ತೆ, ಎಳೆ ಕೂದಲಷ್ಟು ಸಣ್ಣ ಆಗುತ್ತೆ, ಒಂದೂ ಹರಿಯಲ್ಲ. ಹರಿದ್ರೆ ಆಂಟಿ ಮುಖ ನೋಡ್ಬೇಕು.

ಹರಿಯದೇ ಇರೋಕೆ ಕಾರಣ ಉಪ್ಪು. ಉಪ್ಪು ಗ್ಲೂಟನ್‌ನ ಬಿಗಿ ಮಾಡುತ್ತೆ, ಜೊತೆಗೆ ಎಳೆ ಒಂದೇ ಸಲಕ್ಕೆ ಒಣಗಿ ಮುರಿಯದ ಹಾಗೆ ತಡೆಯುತ್ತೆ. ಅದಕ್ಕೇ ಮೀ ಸುವಾಲಿ ಉಪ್ಪು ಸಖತ್ ಜಾಸ್ತಿ, ಹಸಿ ಎಳೆ ಬಾಯಿಗೆ ಹಾಕ್ಕೊಂಡ್ರೆ ಉಪ್ಪಿನಕಾಯಿ ನೆನಪಾಗುತ್ತೆ. ಎಷ್ಟು ಹಾಕ್ಬೇಕು ಅನ್ನೋದು ಅವತ್ತಿನ ಹವಾ ನೋಡ್ಕೊಂಡು, ಗಾಳೀಲಿ ತೇವ ಜಾಸ್ತಿ ಇದ್ರೆ ಒಂದು ಲೆಕ್ಕ, ಬಿಸಿಲು ಖಾರ ಇದ್ರೆ ಇನ್ನೊಂದು ಲೆಕ್ಕ, ಅಂಕಲ್ ಹತ್ರ ಅಳತೆ ಕೇಳಿದ್ರೆ ಕೈ ತೋರ್ಸಿ ನಕ್ಕುಬಿಟ್ರು. ಮಳೆ ಬಂದ್ರೆ ಅವತ್ತು ಕೆಲಸವೇ ಇಲ್ಲ. ಅವರ ಮಕ್ಕಳು ಇಪೋ, ಸಿಂಗಾಪುರ್ ಅಂತ ಸೇರ್ಕೊಂಡಿದಾರೆ, ಬೆಳಗಿನ ಜಾವ ಎದ್ದು ಹಿಟ್ಟು ಕಲಸೋಕೆ ಯಾರು ಬರ್ತಾರೆ ಹೇಳಿ.

ಆವಾಗ ನಮ್ಮತ್ತೆನೂ ಜೊತೇಲಿದ್ರು. ಅತ್ತೆ ಹಾವೇರಿ ಕಡೆಯೋರು, ಫ್ರೇಮ್ ಮುಂದೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತು ಒಂದೈದು ನಿಮಿಷ ನೋಡಿ, "ಏನವಾ ಇದು, ನಮ್ಮ ಶಾವಿಗೀನ ಆತಲ್ಲ, ಇದನ್ನ ನೋಡಾಕ ಮೂರು ತಾಸು ಕಾರಿನಾಗ ಕರ್ಕೊಂಡು ಬಂದೀಯಾ" ಅಂದ್ರು. ತಪ್ಪೇನಿಲ್ಲ, ಉತ್ತರ ಕರ್ನಾಟಕದಲ್ಲಿ ಬೇಸಿಗೇಲಿ ಓಣಿ ಹೆಂಗಸರೆಲ್ಲ ಸೇರಿ ಶಾವಿಗೆ ಮಣೆ ಮೇಲೆ ಹೊಸೆದು ಕೋಲಿಗೆ ನೇತಾಕಿ ಒಣಗಿಸೋದು ನೋಡಿದೋರಿಗೆ ಇದು ಅಣ್ಣತಮ್ಮನ ಮಕ್ಕಳ ಥರನೇ ಕಾಣುತ್ತೆ. ಆದ್ರೆ ಅತ್ತೆನೇ ಆಮೇಲೆ ವ್ಯತ್ಯಾಸ ಹಿಡಿದ್ರು. ನಮ್ಮಲ್ಲಿ ಎಳೆ ಸಣ್ಣ ಆಗೋದು ಅಂಗೈ ಒತ್ತಡಕ್ಕೆ, ಇಲ್ಲಿ ಎಳೆತಕ್ಕೆ ಮಾತ್ರ. ನಮ್ಮಲ್ಲಿ ಉಪ್ಪು ಹೆಸರಿಗೆ, ಇಲ್ಲಿ ಉಪ್ಪೇ ಆಧಾರ. "ಇದರಾಗ ಹಾಲು ಸಕ್ರಿ ಹಾಕಿ ಉಣ್ಣಾಕ ಬರೂದಿಲ್ಲ ಬಿಡು" ಅಂತ ತೀರ್ಪು ಕೊಟ್ರು. ಕರೆಕ್ಟು. ಪಾಯಸಕ್ಕೆ ಅಂತ ಯಾರೂ ತಗೋಬೇಡಿ, ಎಷ್ಟು ತೊಳೆದ್ರೂ ಹಿಂದೆ ಒಂದು ಉಪ್ಪಿನ ರುಚಿ ಉಳಿಯುತ್ತೆ.

ಈಗ ಮನೇಗೆ ತಂದು ಮಾಡಿದ ಮೇಲಿನ ಕಥೆ. ಕೈಯದ್ದು ಮತ್ತೆ ಸೂಪರ್‌ಮಾರ್ಕೆಟ್ ಪ್ಯಾಕೆಟ್, ಎರಡನ್ನೂ ಪಕ್ಕಪಕ್ಕ ಬೇಯಿಸಿದೆ. ಮಿಷಿನ್‌ದು ಹೇಗೆ ಅಂದ್ರೆ ಹಿಟ್ಟನ್ನ ಹಾಳೆ ಥರ ಲಟ್ಟಿಸಿ ಬ್ಲೇಡ್ ರೋಲರಲ್ಲಿ ಸೀಳೋದು, ಹತ್ತಿರದಿಂದ ನೋಡಿದ್ರೆ ಎಳೆಗೆ ಮೂಲೆ ಇರುತ್ತೆ, ಚೌಕ. ಕೈಯದ್ದು ದುಂಡಗೆ. ಕತ್ತರಿಸಿದ್ದರಲ್ಲಿ ಗ್ಲೂಟನ್ ಅಷ್ಟು ಸಾಲಾಗಿರಲ್ಲ, ಎಳೆದಿದ್ದರಲ್ಲಿ ಉದ್ದಕ್ಕೆ ಸಾಲಾಗಿ ನಿಂತಿರುತ್ತೆ, ಅದೇ ಎಲ್ಲಾ ವ್ಯತ್ಯಾಸ. ಬಿಸಿ ಸೂಪಲ್ಲಿ ಸ್ವಲ್ಪ ಹೊತ್ತು ಬಿಟ್ರೆ ಮಿಷಿನ್‌ದು ಗಂಜಿ ಆಗೋಯ್ತು, ಚಾಪ್‌ಸ್ಟಿಕ್‌ಗೆ ಸಿಗಲ್ಲ, ಚಮಚದಲ್ಲೇ ಬಾಚ್ಬೇಕು. ಕೈಯದ್ದು ರೇಷ್ಮೆ ಥರ ಜಾರುತ್ತೆ ಆದ್ರೆ ಕಚ್ಚಿದ್ರೆ ಒಂಚೂರು ಎದುರು ಹಿಡಿಯುತ್ತೆ. ಹುಟ್ಟುಹಬ್ಬಕ್ಕೆ ಉದ್ದ ಎಳೆ ಬೇಕು ಅಂದ್ಮೇಲೆ ಬೌಲಿಗೆ ಬರೋ ಹೊತ್ತಿಗೆ ತುಂಡುತುಂಡಾಗಿರೋದನ್ನ ಕೊಟ್ರೆ ಏನರ್ಥ? ಬೆಲೆ ಫ್ಯಾಕ್ಟರಿದಕ್ಕಿಂತ ಹೆಚ್ಚುಕಮ್ಮಿ ಡಬಲ್ ಬೀಳುತ್ತೆ, ನನಗೇನೂ ಬೇಜಾರಿಲ್ಲ.

ಬೇಯಿಸೋದು ಹೀಗೆ. ದೊಡ್ಡ ಪಾತ್ರೆ, ಜಾಸ್ತಿ ನೀರು, ಕೊತಕೊತ ಕುದೀತಿರ್ಬೇಕು, ಮೀ ಸುವಾ ಹಾಕಿ ಒಂದು ನಿಮಿಷ, ಎರಡು ನಿಮಿಷ ದಾಟ್ಲೇಬಾರ್ದು, ಎತ್ತಿ ಇನ್ನೊಂದು ಪಾತ್ರೆ ನೀರಲ್ಲಿ ಮುಳುಗ್ಸಿ ತೆಗೀರಿ, ಉಪ್ಪು ಅಲ್ಲಿ ಇಳಿಯುತ್ತೆ. ಆ ಬೇಯಿಸಿದ ನೀರನ್ನ ಚೆಲ್ಲಿ, ಸೂಪಿಗೆ ಬಳಸ್ಬೇಡಿ. ಸೂಪು ಬೇರೆ ಒಲೆ ಮೇಲೆ, ಉಪ್ಪಿಲ್ದೆ. ಬೌಲಿಗೆ ಹಾಕಿದ್ಮೇಲೆ ಫೋಟೋ ಗೀಟೋ ಅಂತ ಕೂರ್ಬೇಡಿ, ಇದು ಸೂಪೆಲ್ಲ ಕುಡಿದುಬಿಡುತ್ತೆ. ಕೈಯದ್ದೂ ಒಂದು ಮಿತಿ ತನಕ ಮಾತ್ರ ತಡೆಯೋದು, ಹತ್ತು ನಿಮಿಷ ಬಿಟ್ರೆ ಅದೂ ಉಬ್ಬುತ್ತೆ.

ಅಲ್ಲೇ ಊರಲ್ಲಿ ಒಂದು ಹಳೇ ಕೋಪಿತಿಯಾಮ್‌ನಲ್ಲಿ, ಅಂದ್ರೆ ಕಾಫಿ ಅಂಗಡೀಲಿ, ರೆಡ್ ವೈನ್ ಮೀ ಸುವಾ ತಿಂದ್ವಿ, ಅದರ ಬಗ್ಗೆನೂ ಹೇಳ್ಬೇಕು, ಸಿತಿಯಾವಾನ್‌ನ ಹೆಸರು ನಿಂತಿರೋದೇ ಆ ತಿಂಡಿ ಮೇಲೆ. ವೈನ್ ಅಂದ್ರೆ ದ್ರಾಕ್ಷಿ ಅಲ್ಲ, ಅಂಟು ಅಕ್ಕಿ ಬೇಯಿಸಿ ಅದಕ್ಕೆ ಕೆಂಪು ಬೂಸ್ಟು ಹಿಡಿಸಿದ ಅಕ್ಕಿ ಮತ್ತೆ ಯೀಸ್ಟ್ ಬಿಲ್ಲೆ ಸೇರಿಸಿ ಜಾಡಿಯಲ್ಲಿ ಒಂದು ತಿಂಗಳೋ ಇನ್ನೂ ಜಾಸ್ತಿನೋ ಹುಳಿಯೋಕೆ ಬಿಡ್ತಾರೆ, ಮೇಲೆ ನಿಲ್ಲೋದು ವೈನ್, ಕೆಳಗೆ ಉಳಿಯೋ ಕೆಂಪು ಚರಟ ಬೇರೆ ಅಡುಗೆಗೆ. ಎಳ್ಳೆಣ್ಣೇಲಿ ಶುಂಠಿ ಚೆನ್ನಾಗಿ ಹುರಿದು ಕೋಳಿ ಹಾಕಿ ಈ ವೈನ್ ಹುಯ್ದು ಕುದಿಸಿ ಅದಕ್ಕೆ ಮೀ ಸುವಾ. ಬಾಣಂತಿಯರಿಗೂ ಇದನ್ನೇ ಕೊಡ್ತಾರೆ, ಶುಂಠಿ ಘಾಟು ನೋಡಿದ್ರೆ ಯಾಕಂತ ಅರ್ಥ ಆಗುತ್ತೆ. ಮೊದಲ ಗುಟುಕಿಗೆ ಸ್ವಲ್ಪ ಸಿಹಿ, ಆಮೇಲೆ ಹುಳಿ, ಆಮೇಲೆ ಗಂಟಲಲ್ಲಿ ಬಿಸಿ. ಸಖತ್ತಾಗಿತ್ತು. ಕೋಳಿ ಮಾತ್ರ ಎಲುಬು ಜಾಸ್ತಿ ಮಾಂಸ ಕಮ್ಮಿ, ಬೆಳಿಗ್ಗೆ ಹತ್ತೂವರೆಗೇ ಖಾಲಿ ಆಗ್ತಿತ್ತು, ಕೂರೋಕೆ ಜಾಗ ಇಲ್ಲ, ಫ್ಯಾನ್ ಕೆಳಗಿನ ಟೇಬಲ್‌ಗೆ ಜಗಳ. ವೈನ್ ಕುದಿಸಿದ್ರೂ ಆಲ್ಕೋಹಾಲ್ ಪೂರ್ತಿ ಹೋಗಿರಲ್ಲ, ಮುಟ್ಟದೇ ಇರೋರು ಆರ್ಡರ್ ಮಾಡೋವಾಗ್ಲೇ ಸಾದಾ ಸೂಪ್ ಮೀ ಸುವಾ ಕೇಳ್ಕೊಳಿ. ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಇಲ್ಲ, ಅತ್ತೆ ಟೀ ಕುಡ್ಕೊಂಡು ಮನೆಯಿಂದ ತಂದಿದ್ದ ಚಪಾತಿ ತಿಂದ್ರು.

ಅವರಿಗೋಸ್ಕರ ಮನೇಲಿ ಮಾಡಿದ್ದು ಇನ್ನೂ ಚೆನ್ನಾಗಿ ಬಂತು ಅಂತ ನಾನಂತೂ ಹೇಳ್ತೀನಿ. ಒಣ ಶಿಟಾಕೆ ಅಣಬೆ ರಾತ್ರಿ ನೆನೆಸಿಟ್ಟು ಆ ನೀರನ್ನೇ ಸೂಪಿಗೆ ಇಟ್ಕೊಂಡೆ, ಎಳ್ಳೆಣ್ಣೇಲಿ ಶುಂಠಿ, ಅಣಬೆ, ಕಪ್ಪು ಮರಕಿವಿ ಅಣಬೆ ಹುರಿದು ಸೋಯಾ ಮೊಳಕೆ ಹಾಕಿ ಕುದಿಸಿದ್ದು. ಮೀ ಸುವಾಲಿ ಮೊಟ್ಟೆ ಇಲ್ಲದೇ ಇರೋದು ಇಲ್ಲಿ ಉಪಯೋಗಕ್ಕೆ ಬರುತ್ತೆ. ಅತ್ತೆ ಮೇಲೆ ನಿಂಬೆಹಣ್ಣು ಹಿಂಡ್ಕೊಂಡು ಎರಡನೇ ಸಲ ಹಾಕಿಸ್ಕೊಂಡ್ರು.

ಈಗ ಎದುರು ಪಾರ್ಟಿ, ಯೀ ಮೀನ್. ಕೆಎಲ್‌ನಲ್ಲಿ ಕ್ಯಾಂಟನೀಸ್ ಮದುವೆಗೋ ಅರವತ್ತರ ಊಟಕ್ಕೋ ಹೋದ್ರೆ ದುಂಡು ಟೇಬಲ್ ಸುತ್ತ ಹತ್ತು ಜನ ಕೂತು ಒಂದಾದ್ಮೇಲೆ ಒಂದು ತಟ್ಟೆ ಬಂದು ಹೊಟ್ಟೆ ಬಿರಿಯೋ ಟೈಮಿಗೆ, ಸಿಹಿಗೆ ಸ್ವಲ್ಪ ಮುಂಚೆ, ಕಂದು ಬಣ್ಣದ ನೂಡಲ್ಸ್ ಒಂದು ತಟ್ಟೆ ಬರುತ್ತೆ. ಅದೇ ಇದು. ಯಾರಿಗೂ ಬೇಕಿಲ್ಲ ಆದ್ರೂ ಎಲ್ರೂ ಒಂದು ತುತ್ತು ಹಾಕ್ಕೋಬೇಕು, ಉಳಿದಿದ್ದು ತಪಾವ್, ಅಂದ್ರೆ ಪಾರ್ಸಲ್. ಇದರ ಹಿಟ್ಟನ್ನ ಮೊಟ್ಟೆ ಹಾಕಿ ಕಲಸಿ ಲಟ್ಟಿಸಿ ಕತ್ತರಿಸಿ, ಸ್ವಲ್ಪ ಬೇಯಿಸಿ, ಬಿಲ್ಲೆ ಥರ ಮಾಡಿ ಎಣ್ಣೇಲಿ ಹೊಂಬಣ್ಣಕ್ಕೆ ಕರೀತಾರೆ. ಕರಿಯೋವಾಗ ಒಳಗಿನ ನೀರು ಆವಿ ಆಗಿ ಹಾರಿ ಅಲ್ಲೆಲ್ಲ ಸಣ್ಣ ತೂತು ಉಳಿಯುತ್ತೆ, ಅದಕ್ಕೇ ಅದು ಸ್ಪಂಜಿನ ಹಾಗೆ ಸಾಸ್ ಹೀರೋದು. ಛಿಂಗ್ ರಾಜವಂಶದ ಕಾಲದಲ್ಲಿ ಹುಯ್‌ಝೌ ಊರಿನ ಅಧಿಕಾರಿ ಆಗಿದ್ದ, ಸುಂದರವಾದ ಅಕ್ಷರ ಬರೆಯೋದಕ್ಕೆ ಹೆಸರಾಗಿದ್ದ ಯೀ ಬಿಂಗ್‌ಶೌ ಅನ್ನೋರ ಮನೆ ಅಡುಗೆಯೋನು ಗಡಿಬಿಡೀಲಿ ಬೆಂದ ನೂಡಲ್ಸ್‌ನ ಕಾದ ಎಣ್ಣೆಗೆ ಹಾಕ್ಬಿಟ್ಟ, ಅದೇ ಹಿಟ್ ಆಯ್ತು ಅಂತ ಕಥೆ. ಕಥೆ ಅಂದ್ರೆ ಕಥೆನೇ, ಅದರಲ್ಲೂ ಎರಡು ಮೂರು ವರ್ಷನ್ ಇದೆ. ಆದ್ರೆ ಕರಿದು ನೀರು ತೆಗೆಯೋ ಇದೇ ಉಪಾಯದ ಮೇಲೆ ಜಪಾನಲ್ಲಿ ಮೊಮೊಫುಕು ಆಂಡೋ 1958ರಲ್ಲಿ ಇನ್‌ಸ್ಟಂಟ್ ನೂಡಲ್ಸ್ ಮಾರುಕಟ್ಟೆಗೆ ತಂದಿದ್ದು ನಿಜ.

ಪ್ಯಾಕೆಟ್ ಯೀ ಮೀನ್ ತಂದು ಮನೇಲಿ ಮಾಡಿದ್ರೆ ನನ್ನ ಅಭಿಪ್ರಾಯ: ಓಕೆ, ಅಷ್ಟೇ. ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ಹಳೇ ಎಣ್ಣೆ ವಾಸನೆ ತೆಗೀಬೇಕು, ಆಮೇಲೆ ಅಣಬೆ, ಹಳದಿ ಬಣ್ಣದ ಚೈವ್ ಎಲೆ, ಆಯ್ಸ್ಟರ್ ಸಾಸ್ ಹಾಕಿ ನೀರು ಹೀರೋ ತನಕ ಬಾಡಿಸ್ಬೇಕು. ಹೋಟೆಲ್‌ನ ಜ್ವಾಲೆ ಮನೆ ಒಲೇಲಿ ಬರಲ್ಲ, ಹಾಗಾಗಿ ಆ ಹೊಗೆ ಪರಿಮಳನೂ ಬರಲ್ಲ. ಒಂದು ಕ್ರೆಡಿಟ್ ಕೊಡ್ಲೇಬೇಕು, ಅರ್ಧ ಗಂಟೆ ಟೇಬಲ್ ಮೇಲಿದ್ರೂ ಇದು ಮುದ್ದೆ ಆಗಲ್ಲ, ನೂರು ಟೇಬಲ್ ಮದುವೆಗೆ ಮೀ ಸುವಾ ಬಡಿಸೋಕೆ ಹೋದ್ರೆ ಅಡುಗೆಯೋರ ಕಥೆ ಮುಗೀತು. ದೊಡ್ಡ ಊಟಕ್ಕೆ ಯೀ ಮೀನ್, ಮನೆ ಹಬ್ಬಕ್ಕೆ ಮೀ ಸುವಾ, ಜಗಳ ಯಾಕೆ. ಪ್ಯೂರ್ ವೆಜ್‌ನೋರು ಯೀ ಮೀನ್‌ನಲ್ಲಿ ಮೊಟ್ಟೆ, ಸಾಸಲ್ಲಿ ಸಿಂಪಿ ಎರಡೂ ಇರೋದು ನೆನಪಿಟ್ಕೊಳಿ, ಅಣಬೆಯಿಂದ ಮಾಡಿದ ಸಾಸ್ ಬೇರೆ ಸಿಗುತ್ತೆ.

ಹುಟ್ಟುಹಬ್ಬಕ್ಕೆ ಹಿಟ್ಟಿನ ತಿಂಡಿ ಅನ್ನೋದು ಮಾತ್ರ ಈ ಎರಡು ನೂಡಲ್ಸ್‌ಗಿಂತ ಎಷ್ಟೋ ಹಳೇದು. ಚೀನಾದ ಥಾಂಗ್ ರಾಜವಂಶದ ಕಾಲದ ಚರಿತ್ರೇಲಿ ಒಂದು ಪ್ರಸಂಗ ಬರುತ್ತೆ, ಷುವಾನ್‌ಝೊಂಗ್ ಚಕ್ರವರ್ತಿ ಬೇರೆ ಹೆಂಡತಿ ಕಡೆ ವಾಲ್ಕೊಂಡಾಗ ಪಟ್ಟದ ರಾಣಿ ವಾಂಗ್ ಅತ್ಕೊಂಡು ಕೇಳ್ತಾಳೆ, ಕಷ್ಟದ ದಿನದಲ್ಲಿ ನಮ್ಮಪ್ಪ ಮೈಮೇಲಿದ್ದ ನೇರಳೆ ಅಂಗಿ ಬಿಚ್ಚಿಕೊಟ್ಟು ಹಿಟ್ಟು ತಂದು ನಿಮ್ಮ ಹುಟ್ಟುಹಬ್ಬಕ್ಕೆ ಅಡುಗೆ ಮಾಡಿಸಿದ್ದು ನೆನಪಿಲ್ವಾ ಅಂತ. ಆಗ ಸಾರಲ್ಲಿ ಬೇಯಿಸಿದ ಹಿಟ್ಟಿನ ತಿಂಡಿಗೆಲ್ಲ ಒಂದೇ ಹೆಸರು, ನೂಡಲ್ಸ್‌ಗೂ ಅದೇ. ರಾಜನಿಗೆ ಮನಸ್ಸು ಕರಗಿತು, ಆದ್ರೂ 724ರಲ್ಲಿ ಅವಳನ್ನ ಪಟ್ಟದಿಂದ ಇಳಿಸಿಯೇ ಬಿಟ್ಟ, ಗಂಡಸರೇ ಹಾಗೆ ಅಂತ ನನ್ನ ಕಲೀಗ್ ಕಾಮೆಂಟು. ಈಗಿನ ಕಾಲದ ಹುಚ್ಚು ನೋಡ್ಬೇಕಂದ್ರೆ 2017ರಲ್ಲಿ ಹೆನಾನ್ ಪ್ರಾಂತ್ಯದ ನಾನ್‌ಯಾಂಗ್‌ನಲ್ಲಿ 3,084 ಮೀಟರ್ ಉದ್ದದ ಒಂದೇ ಎಳೆ ನೂಡಲ್ಸ್ ಕೈಯಲ್ಲಿ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ರು, ಮೂರು ಕಿಲೋಮೀಟರ್! ಅದು ಶೋ. ನನಗೆ ಆ ಅಂಗಳದ ಆಂಟಿ ಸುತ್ತಿದ್ದೇ ಜಾಸ್ತಿ ಇಷ್ಟ ಆಯ್ತು.

ಕಂಪ್ಲೇಂಟ್ ಇಲ್ವಾ ಅಂದ್ರೆ ಇದೆ. ಪ್ಯಾಕೆಟ್ ಮೇಲೆ ಮಾಡಿದ ದಿನಾಂಕ ಇರ್ಲಿಲ್ಲ, ಎಷ್ಟು ದಿನ ಇಡ್ಬೋದು ಅಂತಾನೂ ಇಲ್ಲ. ಬರೀ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡು. ಬಿಪಿ ಇರೋರಿಗೆ ಉಪ್ಪಿನ ಲೆಕ್ಕ ಬೇಕೇ ಬೇಕಲ್ವಾ, ಅದೂ ಇಲ್ಲ. ನಮ್ಮ ಮಾವನಿಗೆ ಬಿಪಿ, ಎರಡು ಸಲ ನೀರಲ್ಲಿ ತೊಳೆದು ಸೂಪ್ ಕಮ್ಮಿ ಹಾಕಿ ಕೊಟ್ವಿ. ಆಂಟಿಗೆ ಇಂಗ್ಲಿಷ್ ಬರಲ್ಲ, ಮಲಯ್ ಸ್ವಲ್ಪ, ಕಾರ್ಡ್ ಪೇಮೆಂಟ್ ಅಂತೂ ಕೇಳ್ಲೇಬೇಡಿ, ಕ್ಯಾಶ್ ತಗೊಂಡು ಹೋಗಿ.

ಬೆಳಿಗ್ಗೆ ಒಂಬತ್ತರೊಳಗೆ ತಲುಪಿದ್ರೆ ಎಳೆಯೋದು ನೋಡ್ಬೋದು, ಮಧ್ಯಾಹ್ನ ಹೋದ್ರೆ ಪ್ಯಾಕೆಟ್ ಮಾತ್ರ. ಮೋಡ ಇದ್ರೆ ಹೊರಡೋ ಮುಂಚೆ ಊರಲ್ಲಿ ಯಾರಿಗಾದ್ರೂ ಫೋನ್ ಮಾಡಿ ಕೇಳ್ಕೊಳಿ. ತಂದಿದ್ದನ್ನ ಗಾಳಿಯಾಡದ ಡಬ್ಬಿಗೆ ಹಾಕಿ, ಉಪ್ಪು ಇರೋದ್ರಿಂದ ತೇವ ಬೇಗ ಎಳ್ಕೊಳುತ್ತೆ, ಬೆಂಗಳೂರಿಗೆ ಒಯ್ಯೋರು ಚೆಕ್‌ಇನ್ ಬ್ಯಾಗಿಗೆ ಹಾಕಿದ್ರೆ ಮನೆ ಮುಟ್ಟೋ ಹೊತ್ತಿಗೆ ರವೆ ಆಗಿರುತ್ತೆ, ಗಟ್ಟಿ ಡಬ್ಬೀಲಿ ಕೈಬ್ಯಾಗಲ್ಲೇ ಇಟ್ಕೊಳಿ. ಕೈ ಮೀ ಸುವಾಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಆ ರಬ್ಬರ್ ಬ್ಯಾಂಡ್ ಪ್ಯಾಕಿಂಗ್‌ಗೆ. ರೆಡ್ ವೈನ್ ಬೌಲಿಗೆ ನಾಲ್ಕು. ಪ್ಯಾಕೆಟ್ ಯೀ ಮೀನ್‌ಗೆ ಮೂರು, ಅದನ್ನ ಯಾರದ್ದಾದ್ರೂ ಮದುವೇಲಿ ತಿನ್ನಿ.